ಪಿಸ್ತೂಲಿನ ಕುಲಗೋತ್ರ

ತಮ್ಮ ಮನೆಯವರಿಗೆ ಇತಿಹಾಸಪ್ರಜ್ಞೆ ಎಂಬುದು ಎಳ್ಳಷ್ಟೂ ಇಲ್ಲ ಎಂಬುದು ದಾಸನಕೊಪ್ಪದ ಚಂದ್ರಶೇಖರಪ್ಪನವರ ಬಹುದಿನದ ಕೊರಗು. ಇತಿಹಾಸ ಅಂದರೆ ಕದಂಬರದ್ದೋ ಸೋದೆ ಅರಸರದ್ದೋ ಅಲ್ಲ. ಅವರ ಪಡಸಾಲೆಯ ಗೋಡೆಯಲ್ಲಿ ಎರಡು ಮೊಳೆಗಳ ಮೇಲೆ ಮಲಗಿದ್ದ ಹಳೇ ಪಿಸ್ತೂಲು. ಮೊಳಕ್ಕೆ ತುಸು ಕಮ್ಮಿ ಉದ್ದ, ಕಪ್ಪು ಹಿಡಿದ ಮರದ ಹಿಡಿಕೆ, ಹಿಡಿಕೆಯ ತುದಿಗೊಂದು ಹಿತ್ತಾಳೆ ಟೋಪಿ, ಆ ಟೋಪಿಗೊಂದು ಕಬ್ಬಿಣದ ಬಳೆ. ಹೆಂಡತಿ ಅನ್ನಪೂರ್ಣವ್ವ ಈ ಮನೆಗೆ ಬಂದಾಗಿನಿಂದ ಆ ಬಳೆಗೆ ಏನಾದರೊಂದು ನೇತುಹಾಕುತ್ತಲೇ ಬಂದಿದ್ದರು. ಮೊದಮೊದಲು ಕೊಡೆ, ಆಮೇಲೆ ರೇಶನ್ ಚೀಲ, ಕರೋನಾ ಕಾಲದಲ್ಲಿ ಮನೆಮಂದಿಯ ಮಾಸ್ಕುಗಳು, ಈಗೀಗ ಮೊಬೈಲ್ ಚಾರ್ಜರಿನ ವೈರು.

"ಏ ಅನ್ನಪೂರ್ಣಾ, ಅದು ಗೂಟ ಅಲ್ಲ! ಬ್ರಿಟಿಷ್ ಕರ್ನಲ್ಲನ ಕೈಯಿಂದ ನಮ್ಮ ಮುತ್ತಜ್ಜ ಕಸಗೊಂಡ ಆಯುಧ!"

"ಅದಕ್ಕ ತೂಗಹಾಕೀನ್ರಿ. ಪ್ಯಾಟಿ ಮೊಳಿ ಬಾಗ್ತಾವ, ಇದು ಎಷ್ಟ್ ಭಾರ ಹಾಕಿದ್ರೂ ಬಾಗೂದಿಲ್ಲ."

ಇಂಥ ಹೆಂಗಸಿಗೆ ಏನು ಹೇಳುವುದು? ಚಂದ್ರಶೇಖರಪ್ಪನವರು ವೈರು ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದರು. ಅವರು ಬೆನ್ನು ತಿರುಗಿಸಿದ ಕೂಡಲೇ ಅದು ಮರಳಿ ಪಿಸ್ತೂಲಿಗೇ ಬಂದು ತೂಗುತ್ತಿತ್ತು.

ಈ ಕರ್ನಲ್ಲನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಚಂದ್ರಶೇಖರಪ್ಪನವರ ಮದುವೆಯ ಹೊಸತರಲ್ಲಿ ಅವನು ಬರೀ ಒಬ್ಬ ಸೋಜರ, ಅಂದರೆ ಸಾದಾ ಸಿಪಾಯಿ. ಮಗ ಗಿರೀಶ ಹುಟ್ಟುವ ಹೊತ್ತಿಗೆ ಕ್ಯಾಪ್ಟನ್ ಆಗಿದ್ದ. ಗಿರೀಶನ ಮದುವೆಯಲ್ಲಿ ಬೀಗರ ಎದುರಿಗೆ ಮೇಜರ್ ಆದ. ಪಾಪ, ಆ ಸಾಹೇಬನಿಗೆ ಅವನ ಸರ್ಕಾರ ಕೊಡದೇ ಇದ್ದ ಬಡ್ತಿಯನ್ನೆಲ್ಲ ಚಂದ್ರಶೇಖರಪ್ಪನವರೇ ಕಾಲಕಾಲಕ್ಕೆ ಕೊಟ್ಟು ಉದ್ಧಾರ ಮಾಡಿದ್ದರು. ಗೊಬ್ಬರ-ಬೀಜದ ಅಂಗಡಿಯನ್ನು ಗಿರೀಶ ವಹಿಸಿಕೊಂಡ ಮೇಲಂತೂ ಅವರಿಗೆ ಕತೆ ಹೇಳುವುದೇ ಕಾಯಕ. ಯೂರಿಯಾ ಕೇಳಲು ಬಂದವರು ಕರ್ನಲ್ಲನ ಪತನವನ್ನು ಪೂರ್ತಿ ಕೇಳಿಯೇ ಮೂಟೆ ಹೊರಬೇಕಾಗುತ್ತಿತ್ತು.

(ಪೊಲೀಸರ ಭಯ ಬೇಡ. ಅದರ ನಳಿಗೆಗೆ ಯಾವ ಕಾಲದಲ್ಲೋ ಸೀಸ ಹುಯ್ದು ಮುಚ್ಚಿತ್ತು. ಠಾಣೆಯವರು ತರಿಸಿ ನೋಡಿ, "ಇದರಿಂದ ಇಲಿನೂ ಸಾಯೂದಿಲ್ಲ, ಗ್ವಾಡಿಗೆ ಇಟ್ಕೋರಿ" ಎಂದು ಕಾಗದ ಕೊಟ್ಟು ಕಳಿಸಿದ್ದರು. ಈ ಮಾತು ಚಂದ್ರಶೇಖರಪ್ಪನವರ ಮನಸ್ಸಿಗೆ ಬಹಳ ನೋವು ಮಾಡಿತ್ತು.)

ಹೀಗಿರುವಾಗ ಒಂದು ಸಂಜೆ ಸೊಸೆ ಶಿಲ್ಪಾ ಸುದ್ದಿ ತಂದಳು. ಅವಳು ಶಿರಸಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುವ ಟೀಚರು.

"ಮಾವಾರ, ಶಿರಸ್ಯಾಗ ಹಳೇ ವಸ್ತುಗಳ ಪ್ರದರ್ಶನ ಐತಂತ. ನಮ್ಮ ಪಿಸ್ತೂಲ್ ಇಡಬಹುದು. ಆದರ ಸುಮ್ಮನ ಒಯ್ದು ಇಟ್ರ ನಡಿಯೂದಿಲ್ಲ. ವಸ್ತು ಒರಿಜಿನಲ್ ಹೌದೋ ಅಲ್ಲೋ, ಯಾರ ಕೈಯಿಂದ ಯಾರ ಕೈಗೆ ಬಂತು, ಎಲ್ಲಾ ತಪಾಸ ಮಾಡಿ ಪ್ರಮಾಣಪತ್ರ ಕೊಡ್ತಾರಂತ."

ಚಂದ್ರಶೇಖರಪ್ಪನವರು ಕೂತಲ್ಲಿಂದ ಎದ್ದು ನಿಂತರು. ಪ್ರಮಾಣಪತ್ರ! ಇಷ್ಟು ವರ್ಷ ಬಾಯಲ್ಲಿದ್ದದ್ದು ಇನ್ನು ಮೊಹರಿನ ಕೆಳಗೆ! ಯೂರಿಯಾ ಗಿರಾಕಿಗಳು ಆಕಳಿಸುತ್ತ ಕೇಳಿದ್ದನ್ನು ಇನ್ನು ಶಿರಸಿಯ ಮಹಾಜನರು ಸಾಲುಗಟ್ಟಿ ನಿಂತು ಕೇಳುತ್ತಾರೆ!

"ಬ್ಯಾಡ ಬಿಡ್ರಿ," ಅಂದರು ಅಡುಗೆಮನೆಯಿಂದ ಅನ್ನಪೂರ್ಣವ್ವ. "ಗ್ವಾಡಿ ಮ್ಯಾಲ ತನ್ನ ಪಾಡಿಗೆ ತಾ ಐತಿ. ಅದರ ಕುಲಗೋತ್ರ ಯಾಕ ಕೆದರ್ತೀರಿ?"

"ನಿನಗೇನ್ ತಿಳೀತದ? ನಿಮ್ಮ ತವರು ಅಕ್ಕಿಆಲೂರಾಗ ಇಂಥಾದ್ದು ಒಂದರ ಐತೇನು?"

ಅನ್ನಪೂರ್ಣವ್ವ ಏನೋ ಹೇಳಲು ಬಾಯಿ ತೆರೆದವರು, ಒಗ್ಗರಣೆ ಸೀದೀತೆಂದು ಒಳಗೆ ತಿರುಗಿಕೊಂಡರು.

ತಪಾಸಣೆ ಮಾಡುವವರು ಶಿರಸಿಯ ಮನೋಹರ. ವಸ್ತುಸಂಗ್ರಹಾಲಯವೊಂದರಲ್ಲಿ ಹಳೇ ಆಯುಧಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ಚಂದ್ರಶೇಖರಪ್ಪನವರು ಮರುದಿನ ಬೆಳಿಗ್ಗೆಯೇ ಅವರಿಗೆ ಫೋನು ಹಚ್ಚಿದರು.

"ನಳಿಗೆ ಉಂಟಾ?" ಕೇಳಿದರು ಮನೋಹರ.

"ಐತ್ರಿ."

"ಹಿಡಿಕೆ?"

"ಭರ್ಜರಿ ಐತ್ರಿ."

"ಕುದುರೆ ಹೇಗುಂಟು?"

ಚಂದ್ರಶೇಖರಪ್ಪನವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಇಂಥ ಮನೆತನಕ್ಕೆ ಕುದುರೆ ಇಲ್ಲ ಅನ್ನುವುದು ಹೇಗೆ? "ಈಗಿಲ್ಲರಿ. ನಮ್ಮ ಮುತ್ತಜ್ಜಗ ಬಿಳೀ ಕುದುರಿ ಇತ್ತಂತ. ಈಗ ಎರಡು ಎಮ್ಮಿ ಅದಾವ್ರಿ."

ಆಚೆ ಕಡೆಯವರು ಎರಡು ಸಲ ಕೆಮ್ಮಿದರು. ಆಮೇಲೆ ಮನೋಹರ, ಕುದುರೆ ಅಂದರೆ ಪಿಸ್ತೂಲಿನ ಮೇಲೆ ಹಿಂದಕ್ಕೆ ಎಳೆದು ಬಿಡುವ ಕಬ್ಬಿಣದ ಕೊಕ್ಕೆ, ಎಮ್ಮೆಗಳ ಬಗ್ಗೆ ತಾನೇನೂ ಕೇಳಿಲ್ಲ ಎಂದು ಸಮಾಧಾನದಿಂದ ತಿಳಿಸಿ ಹೇಳಿದರು. ಕೊನೆಗೆ, "ನಾನು ನಾಡಿದ್ದು ಬರ್ತೇನೆ. ಅಲ್ಲಿವರೆಗೆ ಅದಕ್ಕೆ ಎಂತದೂ ಮಾಡ್ಬೇಡಿ. ಹೇಗುಂಟೋ ಹಾಗೇ ಇರ್ಲಿ," ಅಂದರು.

ಇದನ್ನು ಚಂದ್ರಶೇಖರಪ್ಪನವರು ಸೌಜನ್ಯದ ಮಾತೆಂದು ತಿಳಿದರು. ನಮ್ಮ ಕಡೆ ಬೀಗರು "ಏನೂ ತ್ರಾಸ ತಗೋಬ್ಯಾಡ್ರಿ" ಅಂದರೆ ಹೋಳಿಗೆ ಆಗಲೇಬೇಕು ಎಂದು ಅರ್ಥ. ಹಾಗೇ, ಎಂತದೂ ಮಾಡಬೇಡಿ ಎಂದರೆ ಚೆನ್ನಾಗಿ ತಿಕ್ಕಿ ತೊಳೆದು ಇಡಿ ಎಂದೇ ಅರ್ಥವಲ್ಲವೆ?

ಕುಡಿದ ಚಾದ ಲೋಟವನ್ನು ಎತ್ತಿ ಬಚ್ಚಲಿಗೆ ಇಟ್ಟು ಗೊತ್ತಿಲ್ಲದ ಮಹಾನುಭಾವರು ಅಂದು ಪಂಚೆ ಎತ್ತಿಕಟ್ಟಿ ಬಾವಿಕಟ್ಟೆಯ ಮೇಲೆ ಕೂತರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಅನ್ನಪೂರ್ಣವ್ವ ಎರಡು ಸಲ ಬಂದು ಹೇಳಿದರು, "ಹಳೇದು ಹಳೇದರಂಗ ಇದ್ರ ಚಂದ ಕಾಣೂದ್ರಿ, ಬಿಡ್ರಿ." ಅವರು ಬಿಡಲಿಲ್ಲ. ಕಬ್ಬಿಣ ಬೆಳ್ಳಗಾಯಿತು. ಹಿತ್ತಾಳೆ ಟೋಪಿಯಲ್ಲಿ ಅವರ ಮೀಸೆ ಕಾಣತೊಡಗಿತು. ಹಿಡಿಕೆ ಮಾತ್ರ ಮಂಕಾಗಿದೆಯಲ್ಲ ಎಂದು, ದೇವರಮನೆಯ ಬಾಗಿಲಿಗೆ ಬಳಿದು ಉಳಿದಿದ್ದ ವಾರ್ನಿಶ್ ಡಬ್ಬಿ ಹುಡುಕಿ ತಂದು ಎರಡು ಕೋಟು ಎಳೆದರು. ಒಣಗಿದ ಮೇಲೆ ಪಿಸ್ತೂಲು ಹೊಸ ಮಂಚದ ಕಾಲಿನ ಹಾಗೆ ಫಳಫಳ ಹೊಳೆಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ದಾಸನಕೊಪ್ಪದ ಬಸ್ ನಿಲ್ಲುವ ಕಡೆ ಮೇಲೆದ್ದಿತು ಒಂದು ಫ್ಲೆಕ್ಸು. ಪಿಸ್ತೂಲು ಹಿಡಿದ ಚಂದ್ರಶೇಖರಪ್ಪನವರ ಭಾವಚಿತ್ರ. ಕೆಳಗೆ ದಪ್ಪಕ್ಷರದಲ್ಲಿ: "ಕರ್ನಲ್ ಸಾಹೇಬನ ಸೊಕ್ಕು ಮುರಿದ ಮನೆತನ! ಶಿರಸಿ ಪ್ರದರ್ಶನಕ್ಕೆ ಸರ್ವರಿಗೂ ಸುಸ್ವಾಗತ." ಬನವಾಸಿಗೆ ಹೋಗುವ ಬಸ್ಸಿನವರೆಲ್ಲ ಕಿಟಕಿಯಲ್ಲಿ ತಲೆ ಹಾಕಿ ಓದಿದರು.

ಹೇಳಿದ ದಿನ ಮನೋಹರ ಸ್ಕೂಟರಿನಲ್ಲಿ ಬಂದರು. ಬಗಲಲ್ಲಿ ಒಂದು ಚರ್ಮದ ಚೀಲ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಚಂದ್ರಶೇಖರಪ್ಪನವರು ಬಿಳೀ ಟವೆಲ್ಲಿನ ಮೇಲೆ ಪಿಸ್ತೂಲನ್ನಿಟ್ಟು, ಮದುವಣಗಿತ್ತಿಯ ಮುಸುಕು ಸರಿಸುವ ಹಾಗೆ ಮೇಲಿನ ಬಟ್ಟೆ ಸರಿಸಿದರು.

ಮನೋಹರ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಕುರ್ಚಿಯಲ್ಲಿ ಕೂತು, "ಒಂದು ಲೋಟ ನೀರು ಕೊಡಿ," ಅಂದರು.

"ಹೆಂಗೈತ್ರಿ?"

"ಎಂತ ಮಾಡಿಟ್ರಿ ಮಾರಾಯ್ರೆ! ಆ ಕಪ್ಪು, ಆ ಕಲೆ, ಅದೇ ಅಲ್ವ ಅದರ ವಯಸ್ಸಿಗೆ ಸಾಕ್ಷಿ? ಸಾಕ್ಷಿಯನ್ನೇ ತಿಕ್ಕಿ ತೊಳೆದ್ರಲ್ಲ! ನೂರೆಪ್ಪತ್ತು ವರ್ಷ ಮಳೆ-ಗಾಳಿ ಕೆಡಿಸದೇ ಇದ್ದದ್ದನ್ನು ಒಂದೇ ದಿನದಲ್ಲಿ ಕೆಡಿಸಿದ್ರಲ್ಲ!"

"ಹುಣಸಿಹಣ್ಣು ನನ್ನ ಕಡಿಂದ ಒಯ್ದಿದ್ರು," ಅನ್ನಪೂರ್ಣವ್ವ ನೀರು ಕೊಡುತ್ತ ಹೇಳಿದರು. "ಎರಡು ತಿಂಗಳ ಸಾರಿಂದು."

ಚಂದ್ರಶೇಖರಪ್ಪನವರ ಮುಖ ಹಿಡಿಯಷ್ಟಾಯಿತು. ಇಷ್ಟು ವರ್ಷದ ಕನಸನ್ನು ತಮ್ಮ ಕೈಯಾರೆ ಬಚ್ಚಲ ನೀರಿನಲ್ಲಿ ಹರಿಬಿಟ್ಟೆನಲ್ಲ! ಆದರೆ ಮನೋಹರ ಎದ್ದು ಹೋಗಲಿಲ್ಲ. ಚೀಲದಿಂದ ಸಣ್ಣ ತಿರುಪುಳಿ ತೆಗೆದು, ಪಕ್ಕದ ಎರಡು ತಿರುಪು ಬಿಚ್ಚಿ, ಕುದುರೆಯಿದ್ದ ಕಬ್ಬಿಣದ ಪಟ್ಟಿಯನ್ನೇ ಹೊರಗೆ ತೆಗೆದರು. ಅದರ ಒಳಮೈಗೆ ಹುಣಸೆಹಣ್ಣು ತಾಗಿರಲಿಲ್ಲ. ಭೂತಗನ್ನಡಿಯಲ್ಲಿ ಇಣುಕಿ ನೋಡುತ್ತ ಅವರು "ಹ್ಞಾಂ" ಅಂದರು. ನಳಿಗೆಯ ಅಡಿ ನೋಡಿ ಮತ್ತೆ "ಹ್ಞಾಂ" ಅಂದರು. ಹಿಡಿಕೆಯ ಒಳಗಿನ ಗೂಡಿಗೆ ಟಾರ್ಚು ಬಿಟ್ಟು ಮೂರನೆಯ ಸಲ "ಹ್ಞಾಂ" ಅಂದಾಗ ಚಂದ್ರಶೇಖರಪ್ಪನವರು ಗೋಡೆ ಹಿಡಿದುಕೊಂಡು ನಿಂತಿದ್ದರು.

"ನೋಡಿ, ಮೂರರ ಮೇಲೂ ಒಂದೇ ಗುರುತು ಉಂಟು. ಮಾಡಿದವ ಮೊದಲೇ ಹಾಕಿದ ಗೀರು. ಎಷ್ಟೋ ಕಡೆ ಒಂದರ ನಳಿಗೆ, ಇನ್ನೊಂದರ ಹಿಡಿಕೆ ಸೇರ್ಸಿ ಹಳೇದು ಅಂತ ಮಾರ್ತಾರೆ. ಇದು ಹಾಗಲ್ಲ. ಮೂರೂ ಒಟ್ಟಿಗೇ ಹುಟ್ಟಿದ್ದು. ಕಂಪನಿ ಸರ್ಕಾರದ ಕುದುರೆ ಸವಾರರ ಪಿಸ್ತೂಲು. ಒರಿಜಿನಲ್!"

ಚಂದ್ರಶೇಖರಪ್ಪನವರಿಗೆ ಮನೋಹರರನ್ನು ಅಪ್ಪಿಕೊಂಡುಬಿಡೋಣ ಅನ್ನಿಸಿತು. ಅಪ್ಪಿಕೊಂಡರು ಕೂಡ. "ಕೇಳಿದೇನು? ಒರಿಜಿನಲ್ಲಂತ!" ಎಂದು ಹೆಂಡತಿಯ ಕಡೆ ನೋಡಿದರು. ಆಕೆ ಯಾಕೋ ಅವರಿಗಿಂತ ಹೆಚ್ಚು ಖುಷಿಯಲ್ಲಿದ್ದ ಹಾಗೆ ಕಂಡಿತು.

"ಇನ್ನು ಇದು ನಿಮ್ಮ ಮನೆಗೆ ಹೇಗೆ ಬಂತು ಹೇಳಿ," ಅಂದರು ಮನೋಹರ.

ಗಂಟಲು ಸರಿಮಾಡಿಕೊಂಡು ಚಂದ್ರಶೇಖರಪ್ಪನವರು ಶುರುಮಾಡಿದರು. ಮುತ್ತಜ್ಜ, ಬಿಳೀ ಕುದುರೆ, ವರದಾ ಹೊಳೆಯ ದಂಡೆ, ಕರ್ನಲ್ಲನ ಕಿರುಚಾಟ. ಮನೋಹರ ನಡುವೆ ಕೈಯೆತ್ತಿದರು. "ಇದು ಸಾವಿರದ ಎಂಟುನೂರಾ ಐವತ್ತರ ಆಸುಪಾಸಿಂದು. ನಿಮ್ಮ ಮುತ್ತಜ್ಜ ಹುಟ್ಟಿದ್ದು ಯಾವಾಗ?"

"ಧಾತು ಸಂವತ್ಸರದ ಬರದಾಗ ಅಂತರಿ."

"ಅಂದ್ರ ಸಾವಿರದ ಎಂಟುನೂರಾ ಎಪ್ಪತ್ತಾರು, ಮಾವಾರ," ಅಂದಳು ಶಿಲ್ಪಾ. "ಕರ್ನಲ್ಲನ ಸೊಕ್ಕು ಮುರದ ಎಷ್ಟೋ ವರ್ಷಕ್ಕ ಹುಟ್ಟ್ಯಾರ."

"ಹಂಗಾದ್ರ ಅವರಪ್ಪ ಇರಬೇಕ್ರಿ."

"ಅವರು ದಾರ್ಯಾಗ ಇರವಿ ಕಂಡ್ರ ದಾಟಿಕೊಂಡು ಹೋಗ್ತಿದ್ರು, ಅಷ್ಟು ಸಾಧು ಅಂತ ನೀವ ಹೇಳ್ತಿದ್ರಲ್ರಿ?" ಅಂದರು ಅನ್ನಪೂರ್ಣವ್ವ.

"ಇರವಿ ಬ್ಯಾರೆ, ಕರ್ನಲ್ ಬ್ಯಾರೆ! ನೀ ಸುಮ್ಮನಿರು!"

ಮನೋಹರ ಪೆನ್ನಿನ ಟೋಪಿ ಮುಚ್ಚಿದರು. "ಹೀಗೆ ಅಂದಾಜಿನಲ್ಲಿ ಆಗೋದಿಲ್ಲ. ಮನೆಯಲ್ಲಿ ಹಿರಿಯರು ಯಾರಾದ್ರೂ ಇದ್ದಾರಾ? ಕಣ್ಣಾರೆ ಕಂಡವರು?"

ಈ ಪ್ರಶ್ನೆಗೆ ಚಂದ್ರಶೇಖರಪ್ಪನವರು ತಯಾರಾಗಿಯೇ ಇದ್ದರು. ಹಿಂದಿನ ಓಣಿಯಲ್ಲಿದ್ದ ಸೋದರತ್ತೆ ಸಿದ್ದವ್ವನನ್ನು ಬೆಳಿಗ್ಗೆಯೇ ಕರೆಸಿ, ಶಿರಾ ತಿನ್ನಿಸಿ, ಒಳಕೋಣೆಯಲ್ಲಿ ಕೂಡಿಸಿದ್ದರು. ತೊಂಬತ್ತು ದಾಟಿದ ಮುದುಕಿ. ಹಲ್ಲು ಹೋಗಿತ್ತು, ನೆನಪು ಹೋಗಿರಲಿಲ್ಲ. "ಅತ್ತಿ, ಅವರು ಏನ್ ಕೇಳಿದ್ರೂ 'ಸಾಹೇಬಂದು' ಅಂದುಬಿಡು, ಸಾಕು," ಎಂದು ಪಾಠವನ್ನೂ ಮಾಡಿದ್ದರು.

ಶಿಲ್ಪಾ ಮೊಬೈಲಿನಲ್ಲಿ ವಿಡಿಯೋ ಶುರುಮಾಡಿದಳು. ಸಿದ್ದವ್ವ ಸೆರಗು ಸರಿಮಾಡಿಕೊಂಡು ಕೂತಳು.

"ಅಜ್ಜಿ, ಈ ಪಿಸ್ತೂಲು ಯಾರದ್ದು?" ಮನೋಹರ ಗಟ್ಟಿಯಾಗಿ ಕೇಳಿದರು.

"ಸಾಹೇಬಂದು."

ಚಂದ್ರಶೇಖರಪ್ಪನವರು ಎದೆಯುಬ್ಬಿಸಿದರು.

"ನೀವು ನೋಡಿದ್ದೀರಾ?"

"ನೋಡದ ಏನ್ರಿ! ಸಾಹೇಬನ ಕೈಯಾಗ ಇದ್ದದ್ದು ಈ ಕಣ್ಣಿಲೆ ನೋಡೀನಿ. ಬಿಳೀ ಪ್ಯಾಂಟು, ಕೆಂಪು ಕೋಟು, ತಲಿಮ್ಯಾಲ ಟೊಪ್ಪಿಗಿ."

"ನೀವೇ ನೋಡಿದ್ರಾ?" ಮನೋಹರರ ಹುಬ್ಬು ಮೇಲೇರಿತು. "ಯಾರು ಆ ಸಾಹೇಬ?"

"ಯಾರು ಅಂದ್ರ? ನಮ್ಮಣ್ಣ! ಈ ಚಂದ್ರೂನ ಅಪ್ಪ, ವೀರಭದ್ರಪ್ಪ! ಊರಾಗ ನಾಟಕ ಮಾಡಿದ್ರಲ್ರಿ, ಅದರಾಗ ಅವನೇ ಕಲೆಕ್ಟರ್ ಸಾಹೇಬ. ಮಾರಿಗೆ ಎಷ್ಟ್ ಪೌಡರ್ ಬಡಕೊಂಡಿದ್ದ ಅಂದ್ರ, ಅವನ ಹೆಂಡ್ತಿಗೇ, ನಮ್ಮ ವೈನಿಗೇ ಗುರ್ತು ಸಿಗಲಿಲ್ಲ!"

ಚಂದ್ರಶೇಖರಪ್ಪನವರ ಉಬ್ಬಿದ ಎದೆ ಇಳಿಯಿತು. ಮೊಬೈಲು ಮಾತ್ರ ಕೆಂಪು ಚುಕ್ಕೆ ಮಿನುಗಿಸುತ್ತ ಎಲ್ಲವನ್ನೂ ನುಂಗುತ್ತಿತ್ತು.

"ಅತ್ತಿ, ನಿನಗ ದಣಿವಾಗೈತಿ, ಒಳಗ ನಡಿ," ಅಂದರು ಚಂದ್ರಶೇಖರಪ್ಪ.

"ಶಿರಾ ತಿಂದೀನಿ, ದಣಿವು ಎಲ್ಲೀದು? ಕೇಳ್ರಿ ಇಲ್ಲೆ," ಎಂದು ಸಿದ್ದವ್ವ ಮನೋಹರರ ಕಡೆ ತಿರುಗಿದಳು. "ನಾಟಕಕ್ಕ ಕಟಿಗಿ ಪಿಸ್ತೂಲ್ ಬ್ಯಾಡ, ಖರೇದ ಬೇಕು ಅಂತ ನಮ್ಮಣ್ಣ ಹಟ ಹಿಡದ. ಅಕ್ಕಿಆಲೂರಿನ ರುದ್ರಪ್ಪನ ಮನ್ಯಾಗ ಒಂದ್ ಇತ್ತು. ಒಂದ್ ದಿನದ ಮಾತು ಅಂತ ಇಸಗೊಂಡು ಬಂದ. ಸಪ್ಪಳ ಬರ್ಲಿ ಅಂತ ಒಳಗ ಮದ್ದು ತುಂಬಿದ. ನಾಟಕದಾಗ ನಾಯಕನ ಎದಿಗೆ ಹಿಡದು ಒತ್ತಿದ, ಸಪ್ಪಳಿಲ್ಲ. ಮತ್ತ ಒತ್ತಿದ, ಇಲ್ಲ. ಆ ನಾಯಕ ಎಷ್ಟೊತ್ತು ನಿಂದರಬೇಕ್ರಿ? 'ಲಗೂ ಹೊಡೀರಿ ಸಾಹೇಬರ, ಕಾಲು ನೊಯ್ತಾವ' ಅಂದ. ಕಡೀಕ ತಾನ ಬಿದ್ದು ಸತ್ತ. ಸಾಹೇಬ ಪಿಸ್ತೂಲ್ ತಗದು ಸೊಂಟಕ್ಕ ಸಿಕ್ಕಿಸಿದ್ನೋ ಇಲ್ಲೋ, ಢಂ! ಪ್ಯಾಂಟ್ ಹೊತ್ತಿ ಉರೀತು. ಸತ್ತಾವ ಎದ್ದು ನೀರು ಹಾಕಿದ!"

ಶಿಲ್ಪಾ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿ, ಮೊಬೈಲನ್ನು ಮಾತ್ರ ಈ ಕಡೆ ಹಿಡಿದಿದ್ದಳು. ಮನೋಹರ ಭೂತಗನ್ನಡಿಯಿಂದ ಬಾಯಿ ಮುಚ್ಚಿಕೊಂಡಿದ್ದರು. (ಅದರಿಂದ ಅವರ ಹಲ್ಲುಗಳು ಇನ್ನೂ ದೊಡ್ಡದಾಗಿ ಕಂಡವು.)

"ಅಂಜಿಕೊಂಡು ನಮ್ಮಣ್ಣ ಮರದಿನಾನ ನಳಗಿಗೆ ಸೀಸ ಹುಯ್ಸಿಬಿಟ್ಟ. ಆಮ್ಯಾಲ ತಲಿಗೆ ಹೊಳೀತು, ಇದು ಕಡಾ ತಂದ ವಸ್ತು, ರುದ್ರಪ್ಪಗ ಏನಂತ ತಿರಗಿ ಕೊಡೂದು ಅಂತ. ಪಾಪ ರುದ್ರಪ್ಪ ಪಿಸ್ತೂಲ್ ಕೇಳಾಕ ಬರಾಂವ. ಇಂವ ಹೋಳಿಗಿ ಊಟ ಹಾಕಿ ಮಾತು ಮರಸಾಂವ. ಮೂರನೇ ಸರತಿ ಬಂದಾಗ ಈ ಚಂದ್ರು ಧಾರವಾಡದ ಕಾಲೇಜಿನಿಂದ ಸೂಟಿಗೆ ಬಂದಿದ್ದ. ಕನ್ನಡಿ ಮುಂದ ನಿಂತು ತಲಿ ಬಾಚಾಕತ್ತಿದ್ದ. ರುದ್ರಪ್ಪ ನೋಡಿದ. 'ಹುಡಗ ಯಾರು?' ಅಂದ. 'ನನ್ನ ಮಗ' ಅಂದ ನಮ್ಮಣ್ಣ. 'ಇರ್ಲಿ ಬಿಡು, ಪಿಸ್ತೂಲೂ ನಿನ್ನಲ್ಲೇ ಇರ್ಲಿ, ನನ್ನ ಮಗಳನ್ನೂ ಕೊಡ್ತೀನಿ' ಅಂದ."

ರುದ್ರಪ್ಪನೆಂದರೆ ಅನ್ನಪೂರ್ಣವ್ವನ ತಂದೆ. ಮಾವ ತಮ್ಮ ರೂಪಕ್ಕೂ ವಿದ್ಯೆಗೂ ಮರುಳಾಗಿ ಮೂರು ಮೂರು ಸಲ ದಾಸನಕೊಪ್ಪಕ್ಕೆ ಎಡತಾಕಿದ್ದರೆಂದೇ ಚಂದ್ರಶೇಖರಪ್ಪನವರು ನಲವತ್ತು ವರ್ಷದಿಂದ ನಂಬಿಕೊಂಡಿದ್ದರು. ಊರಿಗೂ ನಂಬಿಸಿದ್ದರು. ತಾವು ಓದು ಮುಗಿಸಿ ಊರಿಗೆ ಬಂದಾಗ ಅಪ್ಪ ಅಟ್ಟದಲ್ಲಿ ಸಿಕ್ಕಿತೆಂದು ಪಿಸ್ತೂಲು ತೋರಿಸಿ "ಇದು ಸಾಹೇಬನ ಕೈಯಾಗಿಂದು" ಅಂದಾಗ ಮೀಸೆಯಡಿ ಯಾಕೆ ನಕ್ಕಿದ್ದ ಎಂಬುದು ಇವತ್ತು ತಿಳಿಯಿತು.

ಅವರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಅನ್ನಪೂರ್ಣವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಳು ಅಲ್ಲ.

"ನಿನಗ ಗೊತ್ತಿತ್ತು?"

"ಈ ಮನಿಗೆ ಕಾಲಿಟ್ಟ ದಿನಾನ ಗುರ್ತು ಹಿಡದೇನ್ರಿ. ನಮ್ಮಪ್ಪ ಹೇಳಿ ಕಳಸಿದ್ದ. 'ಆ ಮನ್ಯಾಗ ನಮ್ಮದೊಂದು ವಸ್ತು ಐತಿ, ಕೇಳಾಕ ಹೋಗಬ್ಯಾಡ. ತವರ ನೆನಪಾದ್ರ ಅದರ ಮುಂದ ಒಂದೀಟು ನಿಂದ್ರು' ಅಂತ."

"ಹಂಗಿದ್ರ ಅದಕ್ಕ ಕೊಡಿ, ಚೀಲ, ವೈರು ಎಲ್ಲಾ ಯಾಕ ತೂಗಹಾಕ್ತಿದ್ದಿ?"

"ತವರಮನಿ ವಸ್ತು ಅಲ್ಲೇನ್ರಿ? ಸಲಿಗಿ."

"ಮತ್ತ ಇಷ್ಟ್ ವರ್ಷ ಬಾಯಿ ಬಿಡಲಿಲ್ಲಲ್ಲ!"

"ನೀವು ಬಾಯಿ ಮುಚ್ಚಿದ್ರ ನಾ ಬಾಯಿ ಬಿಡಬೇಕಲ್ರಿ?" ಅಂದವರು ಆಮೇಲೆ ದನಿ ತಗ್ಗಿಸಿದರು. "ಕರ್ನಲ್ಲನ ಕತಿ ಹೇಳುಮುಂದ ನಿಮ್ಮ ಮಾರಿ ಎಷ್ಟ್ ಚಂದ ಆಗ್ತಿತ್ತು. ಕೆಡಸಾಕ ಮನಸ್ಸಾಗ್ಲಿಲ್ಲ."

ಚಂದ್ರಶೇಖರಪ್ಪನವರು ಎದ್ದು, ಕಿಟಕಿಯ ಸರಳಿನಲ್ಲಿದ್ದ ಚಾರ್ಜರಿನ ವೈರು ಬಿಡಿಸಿ ಹೆಂಡತಿಯ ಕೈಗೆ ಕೊಟ್ಟರು.

ಮರುದಿನವೇ ಅಕ್ಕಿಆಲೂರಿನಿಂದ ಅನ್ನಪೂರ್ಣವ್ವನ ತಮ್ಮ ಶಿವಲಿಂಗಪ್ಪ ಬಂದಿಳಿದ. ಶಿಲ್ಪಾ ವಿಡಿಯೋ ಕಳಿಸಿದ್ದಳು. ಅದು ಅಕ್ಕಿಆಲೂರಿನ ಮನೆಮನೆಯಲ್ಲೂ ಓಡಿತ್ತು ಎಂಬುದು ಆಮೇಲೆ ತಿಳಿದ ಸಂಗತಿ. ಅವನ ಕೈಯಲ್ಲೊಂದು ಬಿರುಸಾದ ಚರ್ಮದ ಚೀಲ. ಅವರ ಮನೆಯಲ್ಲಿ ತಲೆತಲಾಂತರದಿಂದ ಒಲೆಯ ಪಕ್ಕಕ್ಕೆ ನೇತಾಡುತ್ತಿದ್ದದ್ದು. ತಾಯಿ ಅದರಲ್ಲಿ ಸೌಟು ಇಡುತ್ತಿದ್ದಳಂತೆ.

ಮನೋಹರ ಮತ್ತೆ ಬಂದರು. ಪಿಸ್ತೂಲನ್ನು ಆ ಚೀಲದೊಳಗೆ ಇಳಿಸಿದರು. ಕೈ ಕೈಗವಸಿಗೆ ಇಳಿದ ಹಾಗೆ ಸರಕ್ಕನೆ ಹೋಗಿ ಕೂತಿತು. ಕುದುರೆ ತಾಗುವ ಕಡೆ ಚರ್ಮ ಸವೆದು ಕುದುರೆಯದೇ ಆಕಾರದಲ್ಲಿ ಕುಳಿ ಬಿದ್ದಿತ್ತು. ಚೀಲದ ಒಳಮಗ್ಗುಲಿಗೆ ಒತ್ತಿದ್ದ ಅಂಕಿಯೂ ಹಿತ್ತಾಳೆ ಟೋಪಿಯ ಮೇಲಿನ ಅಂಕಿಯೂ ಒಂದೇ.

"ಸಾಕು, ಇನ್ನೆಂತ ಸಾಕ್ಷಿ ಬೇಕು!" ಅಂದರು ಮನೋಹರ. "ನ್ಯಾಯವಾಗಿ ಇದು ಅಕ್ಕಿಆಲೂರಿಂದು. ಅಲ್ಲಿಗೆ ಹೇಗೆ ಬಂತು?"

"ನಮ್ಮ ಹಿರ್ಯಾರು ಕುದುರಿ ವೈದ್ಯರಿದ್ರಂತರಿ," ಎಂದ ಶಿವಲಿಂಗಪ್ಪ. "ಕಂಪನಿ ದಂಡು ಧಾರವಾಡದ ಕಡೆ ಇಳದಾಗ ಒಬ್ಬ ಸವಾರನ ಕುದುರಿ ಸಾಯಾಕ ಬಿದ್ದಿತ್ತಂತ. ಇವರು ಗಿಡಮೂಲಿಕಿ ಅರದು ಹಾಕಿ ಎಬ್ಬಿಸಿದ್ರಂತ. ಅಂವ ಊರಿಗೆ ಹೊಂಟಾಗ ಖುಷಿಲೆ ಇದನ್ನ ಕೊಟ್ಟು ಹೋದನಂತ. ನಮ್ಮಜ್ಜ ನಗ್ತಿದ್ದ, 'ಕುದುರಿಗೆ ಮದ್ದು ಕೊಟ್ಟು, ಮದ್ದು ತಿನ್ನೋ ಕುದುರಿ ತಂದ್ರು ನೋಡು' ಅಂತ."

ಯಾರ ಸೊಕ್ಕೂ ಮುರಿಯಲಿಲ್ಲ, ಯಾರ ಕೈಯಿಂದಲೂ ಯಾರೂ ಕಸಿದುಕೊಳ್ಳಲಿಲ್ಲ. ಒಂದು ಕುದುರೆ ಬದುಕಿತು, ಅಷ್ಟೆ. ಕೇಳುತ್ತ ಚಂದ್ರಶೇಖರಪ್ಪನವರಿಗೆ ಒಳಗೊಳಗೇ ಅನ್ನಿಸಿತು: ಛೆ, ಈ ಕತೆ ತಮ್ಮದಕ್ಕಿಂತ ಚೆನ್ನಾಗಿದೆ. ಆದರೆ ಅದಕ್ಕಿಂತ ದೊಡ್ಡ ಅಳುಕೊಂದು ಎದೆಯಲ್ಲಿ ಕೂತಿತ್ತು. ನ್ಯಾಯವಾಗಿ ಅಕ್ಕಿಆಲೂರಿನದು ಎಂದ ಮೇಲೆ, ಅಕ್ಕಿಆಲೂರಿನವನು ಚೀಲ ತಂದಿದ್ದಾನೆ. ಬರಿಗೈಯಲ್ಲಿ ಹೋಗುತ್ತಾನೆಯೆ?

"ಶಿವಲಿಂಗಪ್ಪ," ಅಂದರು ಗಟ್ಟಿ ಮನಸ್ಸು ಮಾಡಿ, "ನಿಮ್ಮ ವಸ್ತು ನೀವು ತಗೊಂಡು ಹೋಗೂದಿದ್ರ ನಾ ಬ್ಯಾಡ ಅನ್ನೂದಿಲ್ಲ. ಬರೇ ಗ್ವಾಡಿ ನೋಡಾಕ ಸ್ವಲ್ಪ ತ್ರಾಸ ಆಗ್ತದ, ಅಷ್ಟ."

ಶಿವಲಿಂಗಪ್ಪ ಚೀಲ ಸಮೇತ ಪಿಸ್ತೂಲನ್ನು ಅಕ್ಕನ ಕೈಗಿಟ್ಟ. "ಭಾವಾರ, ಕೊಟ್ಟ ಹೆಣ್ಣು, ಕೊಟ್ಟ ಪಿಸ್ತೂಲ್ ವಾಪಸ್ ಕೇಳೂ ಪದ್ಧತಿ ನಮ್ಮಲ್ಲಿಲ್ಲ. ಆದರ ಹೆಸರು ಮಾತ್ರ ನಮ್ಮ ಅಕ್ಕಂದು ಬರೀಬೇಕು ನೋಡ್ರಿ."

ಹಾಗೇ ಆಯಿತು. ಪ್ರಮಾಣಪತ್ರದಲ್ಲಿ ಮನೋಹರ ದುಂಡಾದ ಅಕ್ಷರದಲ್ಲಿ ಬರೆದರು: ವಸ್ತು ಒರಿಜಿನಲ್. ಮೂಲ, ಅಕ್ಕಿಆಲೂರಿನ ಕುದುರೆ ವೈದ್ಯರ ಮನೆತನ. ದಾಸನಕೊಪ್ಪಕ್ಕೆ ಬಂದದ್ದು ನಾಟಕಕ್ಕೆ ಎರವಲಾಗಿ. ಈಗಿನ ಒಡತಿ, ಶ್ರೀಮತಿ ಅನ್ನಪೂರ್ಣವ್ವ. ಕೊನೆಯಲ್ಲಿ ಒಂದು ಷರಾ: "ಮೇಲ್ಮೈ ಇತ್ತೀಚೆಗೆ ಅಪಾರ ಉತ್ಸಾಹದಿಂದ ಹಾಳಾಗಿದೆ." ಯಾರ ಉತ್ಸಾಹ ಎಂದು ಬರೆಯಲಿಲ್ಲ. ಅದು ಅವರ ದೊಡ್ಡತನ.

ಫ್ಲೆಕ್ಸನ್ನು ಗಿರೀಶ ಬಿಚ್ಚಿ ತಂದು, ಅಂಗಳದಲ್ಲಿ ಒಣಗಲು ಹಾಕಿದ್ದ ಗೋವಿನಜೋಳಕ್ಕೆ ಹೊದಿಸಿದ. ಮೋಡ ಕವಿದಾಗಲೆಲ್ಲ ಚಂದ್ರಶೇಖರಪ್ಪನವರ ಭಾವಚಿತ್ರ ಜೋಳದ ರಾಶಿಯ ಮೇಲೆ ಅಂಗಾತ ಮಲಗಿ ಆಕಾಶಕ್ಕೆ ಪಿಸ್ತೂಲು ಹಿಡಿದಿರುತ್ತಿತ್ತು.

ಪ್ರದರ್ಶನದ ದಿನ ಬಂತು. ಶಿರಸಿಯ ಸಭಾಭವನದಲ್ಲಿ ಹಳೇ ದೀಪ, ಕೊಳಗ, ಅಡಕತ್ತರಿಗಳ ನಡುವೆ ಗಾಜಿನ ಪೆಟ್ಟಿಗೆಯೊಳಗೆ ಪಿಸ್ತೂಲು, ಸುತ್ತಲೂ ಕೆಂಪು ಹಗ್ಗ, ಹಗ್ಗದೊಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಇಳಕಲ್ ಸೀರೆಯುಟ್ಟ ಅನ್ನಪೂರ್ಣವ್ವ. ಜನ ಕಿಕ್ಕಿರಿದು ನಿಂತರು. ಆಕೆ ಕತೆ ಹೇಳುತ್ತಿದ್ದ ರೀತಿ ನೋಡಿ ಚಂದ್ರಶೇಖರಪ್ಪನವರು ದಂಗಾದರು. ಕುದುರೆ ಸಾಯಲು ಬಿದ್ದಲ್ಲಿ ಹೆಂಗಸರು ಲೊಚಗುಟ್ಟಿದರು. ಸಾಹೇಬನ ಪ್ಯಾಂಟು ಹೊತ್ತಿ ಉರಿದಲ್ಲಿ ಇಡೀ ಸಭಾಭವನ ನಕ್ಕಿತು. ಯಲ್ಲಾಪುರದ ಕಡೆಯವರು ಇನ್ನೊಮ್ಮೆ ಹೇಳಿಸಿಕೊಂಡರು. ಇಷ್ಟು ಕಾಲ ಈ ಮಾತುಗಾರಿಕೆ ಒಗ್ಗರಣೆಯ ಸದ್ದಿನಲ್ಲಿ ಮುಚ್ಚಿಹೋಗಿತ್ತಲ್ಲ ಎಂದು ಚಂದ್ರಶೇಖರಪ್ಪನವರಿಗೆ ಅಭಿಮಾನವೂ ನಾಚಿಕೆಯೂ ಒಟ್ಟಿಗೇ ಆದವು. ಮುತ್ತಜ್ಜಂದಿರ ಲೆಕ್ಕ ಇಟ್ಟುಕೊಳ್ಳುವ ಭಾರ ಇಳಿದು ಮೈ ಹಗುರಾಗಿತ್ತು ಕೂಡ.

ಮಧ್ಯಾಹ್ನ ಅವರು ಹೆಂಡತಿಗೆ ಊಟದ ಡಬ್ಬಿ ಕೊಡಲೆಂದು ಹಗ್ಗದ ಹತ್ತಿರ ಹೋದರು. ಕಾವಲಿಗೆ ನಿಂತಿದ್ದ ದಪ್ಪ ಮೀಸೆಯವನು ಅಡ್ಡ ಬಂದ.

"ಅಜ್ಜಾರ, ಒಳಗ ಬಿಡೂದಿಲ್ಲ. ಅದು ಆ ಅವ್ವಾರ ವಸ್ತು. ನೀವ್ಯಾರು?"

ಚಂದ್ರಶೇಖರಪ್ಪನವರು ಒಂದು ಕ್ಷಣ ಯೋಚಿಸಿದರು. ಊರಲ್ಲಾದರೆ ಈ ಪ್ರಶ್ನೆಗೆ ಉತ್ತರ ಒಂದು ತಾಸು ಹಿಡಿಯುತ್ತಿತ್ತು.

"ನಾನೂ ಅವರದ ವಸ್ತುನಪ," ಅಂದರು.

ಕಾವಲಿನವನು ನಗಲಿಲ್ಲ. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಗ್ಗ ಎತ್ತಿ, "ಹಂಗಾದ್ರ ಒಳಗ ಕುಂದರ್ರಿ," ಎಂದು ಇನ್ನೊಂದು ಕುರ್ಚಿ ತಂದು ಪೆಟ್ಟಿಗೆಯ ಆಚೆ ಮಗ್ಗುಲಿಗೆ ಹಾಕಿದ.

ಕೂತರು. ಸಿದ್ದಾಪುರದ ಕಡೆಯ ಒಬ್ಬ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಬಂದವಳು ಹಗ್ಗದ ಮುಂದೆ ನಿಂತು, ಕಣ್ಣರಳಿಸಿ ನೋಡಿ, ಬೆರಳು ತೋರಿಸಿ ಅನ್ನಪೂರ್ಣವ್ವನನ್ನು ಕೇಳಿದಳು:

"ಇದು ಎಷ್ಟು ಹಳೇದಮ್ಮಾ?"

ಅನ್ನಪೂರ್ಣವ್ವ ಪಿಸ್ತೂಲಿನ ಕಡೆ ನೋಡಿದರು. ಆಮೇಲೆ ಗಂಡನ ಕಡೆ ನೋಡಿದರು.

"ಯಾವುದು?" ಅಂದರು.